ಗಾಡಿ ಆಯಿಲ್ ಕುಡಿಯುತ್ತಿದೆಯೇ? ಇಂಜಿನ್ ಇಳಿಸುವ ಮೊದಲು ಅಳತೆ ಮಾಡಿ

ಕೆಲವು ತಿಂಗಳ ಹಿಂದೆ ನಮ್ಮ ಮಾರ್ಗದ ಹಳ್ಳಿಯೊಂದಕ್ಕೆ ಕೆಚ್ಚಲು ಬಾವಿನ ಹಸು ನೋಡಲು ಹೋಗಿದ್ದೆ. ಚಿಕಿತ್ಸೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಮನೆಯೊಡತಿ ಪಕ್ಕದಲ್ಲಿ ಕಟ್ಟಿದ್ದ ಇನ್ನೊಂದು ಹಸು ತೋರಿಸಿ, “ಇದನ್ನ ಮಾರಿದ್ರೆ ಎಷ್ಟು ಬರಬಹುದು ಡಾಕ್ಟ್ರಮ್ಮ?” ಎಂದು ಕೇಳಿದರು. ಎರಡನೇ ಸೂಲಿನ, ಏಳು ತಿಂಗಳ ಗಬ್ಬದ ಹಸು. ಒಳ್ಳೆಯ ಕೆಚ್ಚಲು, ಮೊದಲ ಸೂಲಿನಲ್ಲೇ ಚೆನ್ನಾಗಿ ಕೊಟ್ಟಿತ್ತು. ಇಂಥದ್ದನ್ನು ಯಾಕಮ್ಮಾ ಮಾರುತ್ತೀರಿ ಎಂದರೆ ಅವರು ಅಂಗಳದಲ್ಲಿ ನಿಂತಿದ್ದ ಪಿಕಪ್ ಗಾಡಿಯ ಕಡೆ ಕೈ ತೋರಿಸಿದರು. “ಅದು ಆಯಿಲ್ ಕುಡೀತದೆ. ಇಂಜಿನ್ ಇಳಿಸಬೇಕಂತೆ, ಎಪ್ಪತ್ತು ಸಾವಿರ ಆಗ್ತದಂತೆ.”

ಆ ಗಾಡಿಯ ಮೇಲೆ ಬ್ಯಾಂಕ್ ಸಾಲದ ಕಂತು ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು. ಮಗ ಅದರಲ್ಲಿ ಎರಡು ಹೊತ್ತೂ ಸಂಘದ ಹಾಲಿನ ಕ್ಯಾನ್‌ಗಳನ್ನು ಶೀತಲ ಕೇಂದ್ರಕ್ಕೆ ಸಾಗಿಸುತ್ತಾನೆ, ನಡುವೆ ಮೇವು, ಹಿಂಡಿ, ಬೂಸ ಬಾಡಿಗೆ ಹೊಡೆಯುತ್ತಾನೆ. ಗಾಡಿ ನಿಂತರೆ ಮನೆಯ ಆದಾಯ ಮಾತ್ರವಲ್ಲ, ಊರಿನ ಹಾಲೂ ನಿಲ್ಲುತ್ತದೆ. ಕಂತು ಕಟ್ಟುವುದು ತಾಯಿಯ ಹಾಲಿನ ಬಟವಾಡೆಯಿಂದ. ಹೀಗಿರುವಾಗ ಗಾಡಿಯ ಕಾಯಿಲೆ ಗಂಡಸರ ವಿಷಯ ಎಂದು ಹೇಗೆ ಬಿಡುವುದು? ನಾನು ಪಶುವೈದ್ಯೆ, ಮೆಕ್ಯಾನಿಕ್ ಅಲ್ಲ. ಆದರೆ ದಿನವೂ ಹಳೆಯ ಜೀಪಿನಲ್ಲಿ ಹಳ್ಳಿ ಸುತ್ತುವವಳು, ಅದೂ ಒಮ್ಮೆ ಆಯಿಲ್ ಕುಡಿದು ನನ್ನನ್ನು ನಡುದಾರಿಯಲ್ಲಿ ನಿಲ್ಲಿಸಿದೆ. ಆಗ ಕಲಿತದ್ದು ಈ ಮನೆಯಲ್ಲಿ ಉಪಯೋಗಕ್ಕೆ ಬಂತು. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಗಾಡಿ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಕೇಳಿದ ಪ್ರಶ್ನೆ: ಎಷ್ಟು ಕುಡಿಯುತ್ತದೆ? “ವಾರಕ್ಕೆ ಅರ್ಧ ಲೀಟರ್ ಹಾಕ್ತೀನಿ” ಎಂದ ಮಗ. ಎಷ್ಟು ಕಿಲೋಮೀಟರಿಗೆ? ಗೊತ್ತಿಲ್ಲ. ಮೆಕ್ಯಾನಿಕ್ ಏನು ಪರೀಕ್ಷೆ ಮಾಡಿದ? ಸೈಲೆನ್ಸರ್ ಹೊಗೆ ನೋಡಿ “ರಿಂಗ್ ಹೋಗಿದೆ” ಎಂದನಂತೆ. ಜ್ವರ ನೋಡದೆ, ಕೆಚ್ಚಲು ಮುಟ್ಟದೆ ಇಂಜೆಕ್ಷನ್ ಕೊಟ್ಟ ಹಾಗಾಯಿತು. ರಿಂಗ್ ಹೋಗಿರಲೂಬಹುದು. ಆದರೆ ಅದು ಕೊನೆಗೆ ನೋಡಬೇಕಾದ, ಅತಿ ಹೆಚ್ಚು ಖರ್ಚಿನ ಕಾರಣ.

ಅಳೆಯುವುದು ಹೇಗೆ

ಇಂಜಿನ್ ಆಯಿಲ್ ಒಳಗಿನ ಭಾಗಗಳು ಉಜ್ಜದಂತೆ ಜಾರಿಸುತ್ತದೆ, ಬಿಸಿ ಹೊರಕ್ಕೆ ಒಯ್ಯುತ್ತದೆ, ಮಸಿ ಹಿಡಿದಿಡುತ್ತದೆ, ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದು ಮುಚ್ಚುತ್ತದೆ. ಈ ಕೆಲಸದಲ್ಲಿ ಅಷ್ಟಿಷ್ಟು ಸುಟ್ಟು ಹೋಗುವುದು ಎಲ್ಲ ಇಂಜಿನ್‌ಗಳಲ್ಲೂ ಇದ್ದದ್ದೇ. ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ಗೆ ಕಡ್ಡಿಯಲ್ಲಿ ಸ್ವಲ್ಪ ಇಳಿದರೆ ಗಾಬರಿ ಬೇಡ. ಎಷ್ಟರವರೆಗೆ ಸಹಜ ಎಂಬುದನ್ನು ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ನೋಡಿ. ನನ್ನ ಲೆಕ್ಕ ಇಷ್ಟು: ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಆಸುಪಾಸು ಇದ್ದರೆ ಕಣ್ಣಿಟ್ಟಿರಬೇಕು, ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಬೇಕು, ಒಂದು ಲೀಟರ್ ಮುಟ್ಟಿದರೆ ತಡಮಾಡದೆ ಗ್ಯಾರೇಜಿಗೆ ಹೋಗಬೇಕು.

ಬಾನೆಟ್ ಎತ್ತಿದರೆ ಬಳೆಯಂಥ ಹಿಡಿಕೆಯ ಉದ್ದನೆ ಕಡ್ಡಿ ಕಾಣುತ್ತದೆ, ಗ್ಯಾರೇಜಿನವರು ಡಿಪ್‌ಸ್ಟಿಕ್ ಎನ್ನುತ್ತಾರೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ನೋಡುವುದು ಸುಲಭ. ಓಡಿಸಿ ಬಂದಿದ್ದರೆ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕು. ಕಡ್ಡಿ ಎಳೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಕ್ಕೆ ತಳ್ಳಿ, ಮತ್ತೆ ಎಳೆದು ನೋಡಿ. ಕೆಳಗಿನ ಗುರುತು ಮತ್ತು ಮೇಲಿನ ಗುರುತಿನ ನಡುವೆ ಇರಬೇಕು. ಒರೆಸದೆ ಮೊದಲ ಸಲ ಎಳೆದು ನೋಡಿದ್ದನ್ನು ನಂಬಬೇಡಿ.

ಅಳತೆಗೆ ಮೇಲಿನ ಗುರುತಿನವರೆಗೆ ಸರಿಯಾಗಿ ತುಂಬಿಸಿ, ಆ ದಿನದ ಮೀಟರ್ ಕಿಲೋಮೀಟರನ್ನು ಹಾಲಿನ ಪಾಸ್ ಪುಸ್ತಕದ ಹಿಂದೆಯಾದರೂ ಬರೆದಿಡಿ. ಆಮೇಲೆ ಯಾವಾಗ ಹಾಕಿದರೂ ಎಷ್ಟು ಮಿಲಿ ಹಾಕಿದಿರಿ ಎಂದು ಬರೆಯಿರಿ. ಒಂದು ಲೀಟರಿನ ಎಷ್ಟೋ ಡಬ್ಬಿಗಳ ಪಕ್ಕದಲ್ಲೇ ಅಳತೆ ಗೆರೆ ಇರುತ್ತದೆ. (ಹಾಲಿನ ಅಳತೆ ಪಾತ್ರೆಯನ್ನು ಮಾತ್ರ ಇದಕ್ಕೆ ತೆಗೆದುಕೊಳ್ಳಬೇಡಿ. ಒಂದು ಮನೆಯಲ್ಲಿ ಹಾಗೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.) ಸಾವಿರ ಕಿಲೋಮೀಟರ್ ಆದಾಗ ಮತ್ತೆ ಮೇಲಿನ ಗುರುತಿಗೆ ತುಂಬಿಸಿ ಕೂಡಿಸಿ. ಅದೇ ನಿಮ್ಮ ಗಾಡಿಯ ನಿಜವಾದ ಲೆಕ್ಕ.

ಮೇಲಿನ ಗುರುತು ದಾಟಿಸಿ ತುಂಬುವವರೂ ಇದ್ದಾರೆ, “ಜಾಸ್ತಿ ಇದ್ರೆ ಒಳ್ಳೇದು” ಎಂದು. ಒಳ್ಳೆಯದಲ್ಲ. ತಿರುಗುವ ಭಾಗಗಳು ಹೆಚ್ಚಾದ ಆಯಿಲನ್ನು ಕಡೆದು ನೊರೆ ಮಾಡುತ್ತವೆ, ಅದು ಮೇಲಕ್ಕೆ ಎರಚಿ ಸುಡುತ್ತದೆ. ಆಯಿಲ್ ಕುಡಿಯುತ್ತದೆ ಎಂಬ ದೂರಿಗೆ ಕೆಲವು ಸಲ ಇದೇ ಕಾರಣ.

ಡ್ಯಾಶ್‌ಬೋರ್ಡಿನಲ್ಲಿ ಕೊಕ್ಕಿನ ಗಿಂಡಿಯಂಥ ಚಿತ್ರದ ಕೆಂಪು ದೀಪ ಇರುತ್ತದೆ. ಕೀಲಿ ತಿರುಗಿಸಿದಾಗ ಹತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಆ ದೀಪ ಆಯಿಲ್ ಕಡಿಮೆಯಾಗುತ್ತಾ ಬಂದಿದೆ ಎಂದು ಮುಂಚಿತವಾಗಿ ಹೇಳುವುದಿಲ್ಲ. ಆಯಿಲ್‌ನ ಒತ್ತಡ ಬಿದ್ದುಹೋದಾಗ ಹತ್ತುತ್ತದೆ. ಓಡುವಾಗ ಅದು ಹತ್ತಿತೆಂದರೆ ಕ್ಯಾನ್ ತುಂಬಾ ಹಾಲಿದ್ದರೂ ಸರಿ, ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು. ಕೇಂದ್ರ ಇನ್ನು ಎರಡೇ ಕಿಲೋಮೀಟರ್ ಎಂದು ಓಡಿಸಿದರೆ ಆ ಎರಡು ಕಿಲೋಮೀಟರಿನಲ್ಲಿ ಇಂಜಿನ್ ಹಿಡಿದುಕೊಳ್ಳಬಹುದು. ಕಾರ್ಯದರ್ಶಿಗೆ ಫೋನ್ ಮಾಡಿ ಬೇರೆ ಗಾಡಿ ತರಿಸಿ. ಒಂದು ಹೊತ್ತಿನ ಹಾಲು ಕೆಟ್ಟರೆ ಆಗುವ ನಷ್ಟಕ್ಕೆ ಲೆಕ್ಕವಿದೆ, ಇಂಜಿನ್ ಹೋದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಟ್ಟು.

ಸೋರಿಕೆಯೋ, ಸುಡುವಿಕೆಯೋ

ಆಯಿಲ್ ಕಾಣೆಯಾಗಲು ದಾರಿ ಮುಖ್ಯವಾಗಿ ಎರಡೇ. ಹೊರಗೆ ಸೋರಬೇಕು, ಇಲ್ಲವೇ ಒಳಗೆ ಸುಡಬೇಕು.

ಸೋರಿಕೆ ನೋಡಲು ರಾತ್ರಿ ಗಾಡಿಯ ಇಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ರಟ್ಟು ಒಣಗಿದ್ದರೂ ಸೋರಿಕೆ ಇಲ್ಲ ಎಂದಲ್ಲ. ಕೆಲವು ಸೋರಿಕೆ ಇಂಜಿನ್ ಬಿಸಿಯಾಗಿ ಓಡುವಾಗ ಮಾತ್ರ ಆಗುತ್ತದೆ. ಇಂಜಿನ್ ಪಕ್ಕದಲ್ಲಿ ಆಯಿಲ್ ಹಿಡಿದು ಅದರ ಮೇಲೆ ದೂಳು ಕೂತು ಕಪ್ಪು ಮಡ್ಡಿಯಾಗಿದ್ದರೆ ಅದೇ ಸಾಕ್ಷಿ. ಗ್ಯಾರೇಜಿನಲ್ಲಿ ಇಂಜಿನ್ ತೊಳೆಸಿ, ಎರಡು ದಿನ ಓಡಿಸಿ ನೋಡಿದರೆ ಹೊಸದಾಗಿ ಒದ್ದೆಯಾದ ಜಾಗ ತಾನೇ ಗೊತ್ತಾಗುತ್ತದೆ. ಇಂಜಿನ್ ತಲೆಯ ಮುಚ್ಚಳದ ಗ್ಯಾಸ್ಕೆಟ್, ಆಯಿಲ್ ಫಿಲ್ಟರ್ ಕೂಡುವ ಜಾಗ, ಆಯಿಲ್ ಇಳಿಸುವ ಬೋಲ್ಟಿನ ವಾಷರ್ ಇವು ಸಾಮಾನ್ಯ ಜಾಗಗಳು. ಇವೆಲ್ಲ ಇಂಜಿನ್ ಇಳಿಸದೆ ಆಗುವ ಕೆಲಸ.

ಸುಡುವುದಾದರೆ ಹೊಗೆ ಹೇಳುತ್ತದೆ. ಆಯಿಲ್ ಸುಟ್ಟ ಹೊಗೆ ನೀಲಿ ಛಾಯೆಯದು, ಮೂಗಿಗೆ ಕಮಟು ಹೊಡೆಯುತ್ತದೆ. ಕಪ್ಪು ಹೊಗೆ ಡೀಸೆಲ್ ಸರಿಯಾಗಿ ಉರಿಯದ್ದರಿಂದ ಬರುವಂಥದ್ದು, ಅದಕ್ಕೂ ಆಯಿಲ್‌ಗೂ ಸಂಬಂಧ ಕಡಿಮೆ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬರುವ ಬಿಳಿ ಹೊಗೆ ಬರೀ ಆವಿ. ಆದರೆ ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ನೀರು ಒಳಗೆ ಸೇರುತ್ತಿದೆ ಎಂದು ಅನುಮಾನಿಸಬೇಕು. ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯಂಥ ಬಣ್ಣ ಕಂಡರಂತೂ ಗಾಡಿ ಓಡಿಸಲೇಬಾರದು.

ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದರಲ್ಲೂ ಸುಳಿವಿದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಒಂದು ಬುಸ್ಸೆಂದು ಬಂದು ನಿಂತರೆ, ರಾತ್ರಿಯಿಡೀ ವಾಲ್ವ್ ಸೀಲ್ ದಾಟಿ ಇಳಿದ ಆಯಿಲ್ ಸುಟ್ಟಿತು ಎಂದರ್ಥ. ಏರು ಹತ್ತುವಾಗ, ಲೋಡ್ ಇದ್ದಾಗ ಎಡೆಬಿಡದೆ ಬಂದರೆ ರಿಂಗ್ ಅಥವಾ ಸಿಲಿಂಡರ್ ಸವೆತದ ಕಡೆ ನೋಡಬೇಕು. ಟರ್ಬೋ ಇರುವ ಗಾಡಿಯಲ್ಲಿ ಸ್ವಲ್ಪ ಹೊತ್ತು ನಿಂತಲ್ಲೇ ಓಡಿ ಆಮೇಲೆ ಎಕ್ಸಲರೇಟರ್ ಒತ್ತಿದಾಗ ನೀಲಿ ಮೋಡ ಎದ್ದರೆ, ಟರ್ಬೋದ ಸೀಲನ್ನೂ ಪರೀಕ್ಷಿಸಬೇಕು. ಇವು ಖಚಿತ ತೀರ್ಪಲ್ಲ, ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದಕ್ಕೆ ದಾರಿ. ಗಾಡಿ ಹಿಂದೆ ನಿಂತು ನೋಡುವವರು ಒಬ್ಬರು, ಓಡಿಸುವವರು ಒಬ್ಬರು ಬೇಕು. ಓಡಿಸುವವನಿಗೆ ತನ್ನ ಹೊಗೆ ಕಾಣುವುದಿಲ್ಲ.

ಮರೆತುಹೋಗುವ ಎರಡು ಭಾಗ

ಒಂದು, ಉಸಿರು ಕೊಳವೆ. ಗ್ಯಾರೇಜಿನಲ್ಲಿ ಬ್ರೀದರ್ ಎನ್ನುತ್ತಾರೆ. ಇಂಜಿನ್ ಒಳಗೆ ಸೇರುವ ಗಾಳಿ ಇದರ ಮೂಲಕ ಹೊರಬರಬೇಕು. ಇದು ಮಡ್ಡಿ ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ, ಗಟ್ಟಿಯಾಗಿರುವ ಸೀಲ್‌ಗಳಿಂದಲೂ ಆಯಿಲ್ ಹೊರಗೆ ತಳ್ಳುತ್ತದೆ. ಹೊಟ್ಟೆ ಉಬ್ಬರಿಸಿದ ಹಸುವನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಮುಚ್ಚಿರುವಾಗ ಬರೀ ಗ್ಯಾಸ್ಕೆಟ್ ಬದಲಿಸಿದರೆ ತಿಂಗಳಲ್ಲಿ ಮತ್ತೆ ಸೋರುತ್ತದೆ, ಆಗ “ಇಂಜಿನ್ನೇ ಸರಿಯಿಲ್ಲ” ಎಂಬ ಮಾತು ಬರುತ್ತದೆ.

ಇನ್ನೊಂದು ಏರ್ ಫಿಲ್ಟರ್. ನಮ್ಮ ಗಾಡಿಗಳು ಓಡುವುದು ಮಣ್ಣು ರಸ್ತೆಯಲ್ಲಿ, ಹೊರುವುದು ಒಣ ಮೇವು, ಜೋಳದ ಕಡ್ಡಿ, ಹುಲ್ಲು. ಪೇಟೆಯ ಕಾರಿಗಿಂತ ಎಷ್ಟೋ ಹೆಚ್ಚು ದೂಳು ಇದರ ಮೂಗಿಗೆ ಹೋಗುತ್ತದೆ. ಫಿಲ್ಟರ್ ಹರಿದಿದ್ದರೆ, ಅಥವಾ ಫಿಲ್ಟರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೆ, ಅದರ ಕ್ಲಿಪ್ ಸಡಿಲವಾಗಿದ್ದರೆ, ದೂಳು ನೇರವಾಗಿ ಸಿಲಿಂಡರಿಗೆ ಹೋಗಿ ಆಯಿಲ್ ಜೊತೆ ಸೇರಿ ಸಾಣೆ ಹಿಡಿದಂತೆ ರಿಂಗ್ ಸವೆಸುತ್ತದೆ. ಹೊಸ ರಿಂಗ್ ಹಾಕಿಸಿ ಈ ಕೊಳವೆ ಹಾಗೇ ಬಿಟ್ಟರೆ ಹೊಸ ರಿಂಗೂ ಅದೇ ದಾರಿ ಹಿಡಿಯುತ್ತದೆ. ಕೊಳವೆ ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳಿಗೆ ಮಣ್ಣು ಹತ್ತಬಾರದು. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗಿಂತ ಬೇಗನೆ ಫಿಲ್ಟರ್ ಬದಲಿಸುವುದು ನಮ್ಮ ಕಡೆ ದುಂದುವೆಚ್ಚವಲ್ಲ.

ಆಯಿಲ್ ಜಾತಿಯ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ 15ಡಬ್ಲ್ಯೂ-40 ಎಂಬಂತೆ ಅದರ ದಪ್ಪದ ಗುರುತು ಇರುತ್ತದೆ. ಕೈಪಿಡಿ ಹೇಳಿದ್ದನ್ನೇ ಹಾಕಿ. ತುಂಬ ತೆಳುವಾದದ್ದು ಬೇಗ ಸುಡುತ್ತದೆ. ಹೊಗೆ ನಿಲ್ಲಲಿ ಎಂದು ತೀರ ದಪ್ಪನೆಯದನ್ನು ಹಾಕಿದರೆ ಬೆಳಗಿನ ಚಳಿಯಲ್ಲಿ ಅದು ಮೇಲಿನ ಭಾಗ ಮುಟ್ಟುವುದು ತಡವಾಗುತ್ತದೆ. ಏಪ್ರಿಲ್ 2020ರ ನಂತರ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಇನ್ನೂ ಎಚ್ಚರ ಬೇಕು. ಅವಕ್ಕೆ ಕಡಿಮೆ ಬೂದಿ ಬಿಡುವ ಆಯಿಲ್ ಬೇಕು. ಸುಟ್ಟ ಆಯಿಲಿನ ಬೂದಿ ಆ ಫಿಲ್ಟರಿನಲ್ಲಿ ಕೂತರೆ ಉರಿದು ಹೋಗುವುದಿಲ್ಲ. ಇಂಥ ಗಾಡಿಗಳಲ್ಲಿ ಕೆಲವೊಮ್ಮೆ ಉಲ್ಟಾ ಆಗುತ್ತದೆ: ಕಡ್ಡಿಯಲ್ಲಿ ಆಯಿಲ್ ಏರುತ್ತದೆ. ಖುಷಿಪಡಬೇಡಿ, ಮಸಿ ಸುಡಲು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿದಿರಬಹುದು. ಡೀಸೆಲ್ ಬೆರೆತ ಆಯಿಲ್ ನೀರಾಗುತ್ತದೆ, ಜಾರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಕೂಡಲೇ ಬದಲಿಸಬೇಕು.

ಆ ಮನೆಯ ಗಾಡಿಗೆ ಏನಾಯಿತು

ತಾಯಿ ಲೆಕ್ಕ ಬರೆದರು, ಮಗನಲ್ಲ. ದಿನಕ್ಕೆ ಸುಮಾರು ಐವತ್ತು ಕಿಲೋಮೀಟರಿನಂತೆ ಇಪ್ಪತ್ತು ದಿನದಲ್ಲಿ ಸಾವಿರ ಕಿಲೋಮೀಟರ್ ಆಯಿತು, ಕುಡಿದದ್ದು ಒಂದು ಲೀಟರ್ ಮುನ್ನೂರು ಮಿಲಿ. ಹೆಚ್ಚೇ. ಆ ಚೀಟಿ ಹಿಡಿದು ತಾಲ್ಲೂಕು ಕೇಂದ್ರದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದರು. ಚೀಟಿ ನೋಡಿದ ಮೇಲೆ ಆತ ಮಾತಾಡಿದ ರೀತಿಯೇ ಬೇರೆ ಇತ್ತಂತೆ. ಇಂಜಿನ್ ತೊಳೆದು ನೋಡಿದಾಗ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಸೋರುತ್ತಿತ್ತು, ಉಸಿರು ಕೊಳವೆ ಮುಕ್ಕಾಲು ಮುಚ್ಚಿತ್ತು, ಏರ್ ಫಿಲ್ಟರ್ ಕೊಳವೆಯ ಕ್ಲಿಪ್ ಸಡಿಲವಾಗಿ ಒಳಗೆ ಮಣ್ಣು ಹತ್ತಿತ್ತು. ನಾಲ್ಕೂ ಸಿಲಿಂಡರಿನ ಒತ್ತಡ ಅಳೆಸಿದರು. ಹೊಸ ಇಂಜಿನ್ನಿನಷ್ಟಿಲ್ಲ, ಆದರೆ ಇಂಜಿನ್ ಇಳಿಸುವಷ್ಟು ಬಿದ್ದಿರಲೂ ಇಲ್ಲ. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು.

ಮುಂದಿನ ಸಾವಿರ ಕಿಲೋಮೀಟರಿಗೆ ಮುನ್ನೂರ ಐವತ್ತು ಮಿಲಿ. ಸೊನ್ನೆ ಆಗಲಿಲ್ಲ. ದೂಳು ತಿಂದ ರಿಂಗ್ ಅಷ್ಟು ಸವೆದಿದೆ, ಏರಿನಲ್ಲಿ ಈಗಲೂ ತೆಳು ನೀಲಿ ಹೊಗೆ ಕಾಣುತ್ತದೆ. ತಿಂಗಳಿಗೆ ಅರ್ಧ ಲೀಟರ್, ಅಂದರೆ ಇನ್ನೂರು ರೂಪಾಯಿ ಆಸುಪಾಸು. ಮೊದಲು ತಿಂಗಳಿಗೆ ಎರಡು ಲೀಟರ್, ಎಂಟುನೂರು ರೂಪಾಯಿ ಹೋಗುತ್ತಿತ್ತು. ಬರೀ ಆಯಿಲ್ ದುಡ್ಡೇ ನೋಡಿದರೆ ಆಗಲೂ ಎಪ್ಪತ್ತು ಸಾವಿರ ಹುಟ್ಟಲು ಏಳು ವರ್ಷ ದಾಟಬೇಕಿತ್ತು. ಅಂದಮಾತ್ರಕ್ಕೆ ಹಾಕಿಕೊಂಡೇ ಓಡಿಸಿ ಎನ್ನುವುದೂ ತಪ್ಪು. ಒಂದು ವಾರ ಹಾಕುವುದು ಮರೆತರೆ ಇಂಜಿನ್ ಹೋಗುತ್ತದೆ. ಅವರು ವಾರಕ್ಕೆರಡು ಸಲ ಕಡ್ಡಿ ನೋಡುತ್ತಾರೆ, ಬಟವಾಡೆಯಲ್ಲಿ ಸ್ವಲ್ಪ ಇಂಜಿನ್ ಕೆಲಸಕ್ಕೆಂದೇ ಎತ್ತಿಡುತ್ತಾರೆ, ಕಂತು ಮುಗಿದ ಮೇಲೆ ಮಾಡಿಸುವುದೆಂದು ಇಟ್ಟಿದ್ದಾರೆ. ಹಸು ಮಾರಲಿಲ್ಲ. ಹೆಣ್ಣು ಕರು ಹಾಕಿದೆ.

ಸುಟ್ಟ ಆಯಿಲ್ ಕೊಟ್ಟಿಗೆಗೆ ಬೇಡ

ಇನ್ನು ನನ್ನ ಸ್ವಂತ ಕಸುಬಿನ ಮಾತು. ಅದೇ ಮನೆಯಲ್ಲಿ ಗಾಡಿಯಿಂದ ಇಳಿಸಿದ ಕಪ್ಪು ಆಯಿಲನ್ನು ಹಳೆಯ ಬಕೆಟಿನಲ್ಲಿ ಕೊಟ್ಟಿಗೆ ಮೂಲೆಗೆ ಇಟ್ಟಿದ್ದರು. ಸೊಸೆ ಅದನ್ನು ಕರುವಿನ ಕುತ್ತಿಗೆಯ ಹುಳುಕಡ್ಡಿಗೆ ಹಚ್ಚುತ್ತಿದ್ದಳು. ಉಣ್ಣೆಗೂ ಗಾಯಕ್ಕೂ ಹೀಗೆ ಹಚ್ಚುವುದನ್ನು ಊರೂರಲ್ಲಿ ನೋಡುತ್ತೇನೆ. ದಯವಿಟ್ಟು ನಿಲ್ಲಿಸಿ. ಅದರಲ್ಲಿ ಇಂಜಿನ್ನಿನ ಮಸಿ, ಲೋಹದ ಪುಡಿ, ಸುಟ್ಟ ಡೀಸೆಲಿನ ವಿಷ ಎಲ್ಲ ಇರುತ್ತದೆ. ಚರ್ಮ ಸುಡುತ್ತದೆ, ದನ ತನ್ನ ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುತ್ತದೆ. ಹುಳುಕಡ್ಡಿ ಮನುಷ್ಯರಿಗೂ ಅಂಟುತ್ತದೆ, ಅದಕ್ಕೆ ಬೇರೆಯೇ ಔಷಧಿ ಇದೆ, ದುಬಾರಿಯೂ ಅಲ್ಲ.

ಉಪ್ಪು, ಖನಿಜ ಮಿಶ್ರಣ ಸಾಲದ ದನಗಳು ಸಿಕ್ಕಿದ್ದನ್ನು ನೆಕ್ಕುತ್ತವೆ. ಬಕೆಟಿನ ಆಯಿಲ್ ಕುಡಿದ ದನದ ಬಾಯಿಗೆ ಎಣ್ಣೆ, ಮಜ್ಜಿಗೆ, ಬೆಲ್ಲದ ನೀರು ಏನನ್ನೂ ಗೊಟ್ಟದಲ್ಲಿ ಹುಯ್ಯಬೇಡಿ. ಕೆಮ್ಮಿ ಶ್ವಾಸಕೋಶಕ್ಕೆ ಹೋದರೆ ಉಳಿಸುವುದು ಕಷ್ಟ. ಉಸಿರಿನಲ್ಲಿ ಆಯಿಲ್ ವಾಸನೆ, ಏದುಸಿರು, ಮೇವು ಬಿಡುವುದು ಕಂಡರೆ ಕೂಡಲೇ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962.

ಆಯಿಲಿಗಿಂತಲೂ ಭಯಂಕರ ಗಾಡಿಯ ಹಳೆಯ ಬ್ಯಾಟರಿ. ಅದರೊಳಗಿರುವುದು ಸೀಸ. ಒಡೆದ ಬ್ಯಾಟರಿ ನೆಕ್ಕಿದ ಕರು ಇದ್ದಕ್ಕಿದ್ದಂತೆ ಕಣ್ಣು ಕಾಣದೆ ಗೋಡೆಗೆ ಹಾಯುತ್ತದೆ, ಹಲ್ಲು ಕಡಿಯುತ್ತದೆ, ಕಿವಿ ಮುಖ ಅದುರುತ್ತದೆ, ಸೆಳೆತ ಬರುತ್ತದೆ. ಎಷ್ಟೋ ಸಲ ನಾವು ಬರುವ ಹೊತ್ತಿಗೆ ಮುಗಿದಿರುತ್ತದೆ. ಬದುಕಿದ ಹಸುವಿನ ಹಾಲಿನಲ್ಲೂ ಸೀಸ ಬರುತ್ತದೆ. ಹೊಸ ಬ್ಯಾಟರಿ ತರುವಾಗ ಹಳೆಯದನ್ನು ಅಂಗಡಿಗೇ ಕೊಟ್ಟುಬಿಡಿ, ಬೆಲೆಯಲ್ಲೂ ಇಳಿಸುತ್ತಾರೆ. ಹಳೆ ಆಯಿಲನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಿ, ಮಣ್ಣಿಗೂ ಚರಂಡಿಗೂ ಸುರಿಯಬೇಡಿ. ಗಾಡಿಯಲ್ಲಿ ಆಯಿಲ್ ಡಬ್ಬಿ, ಡೀಸೆಲ್ ಕ್ಯಾನು, ಒರೆಸುವ ಬಟ್ಟೆಯನ್ನು ಹಾಲಿನ ಕ್ಯಾನ್ ಅಥವಾ ಮೇವಿನ ಜೊತೆ ಇಡಬೇಡಿ. ಹಾಲಿನ ಕೊಬ್ಬು ವಾಸನೆಯನ್ನು ಬೇಗ ಹಿಡಿಯುತ್ತದೆ, ಕೇಂದ್ರದಲ್ಲಿ ಮೂಗಿನ ಪರೀಕ್ಷೆಯಲ್ಲೇ ಹಿಂದಕ್ಕೆ ಬರುತ್ತದೆ.

ಕೊನೆಗೆ, ಹಾಲು ಕರೆಯುವ ಯಂತ್ರ ಇಟ್ಟುಕೊಂಡವರಿಗೆ. ಅದರ ವ್ಯಾಕ್ಯೂಮ್ ಪಂಪು ಆಯಿಲ್ ಹನಿಸಿಕೊಂಡು ಓಡುವ ಬಗೆಯದಾಗಿದ್ದರೆ ಅದು ಆಯಿಲ್ ಖರ್ಚು ಮಾಡುವುದು ದೋಷವಲ್ಲ, ಅದರ ಕೆಲಸವೇ ಹಾಗೆ. ಅಲ್ಲಿ ಆಯಿಲ್ ಬಟ್ಟಲು ದಿನ ಕಳೆದರೂ ಇಳಿಯದಿದ್ದರೆ ಅನುಮಾನಿಸಬೇಕು. ಹನಿ ನಿಂತಿದ್ದರೆ ಪಂಪಿನ ಒಳಗಿನ ಹಲಗೆಗಳು ಸವೆದು ಎಳೆತ ಏರುಪೇರಾಗುತ್ತದೆ, ಮೊಲೆತುದಿ ನೋಯುತ್ತದೆ, ಕೆಚ್ಚಲು ಬಾವು ಮತ್ತೆ ಮತ್ತೆ ಬರುತ್ತದೆ. ಪಂಪಿಗೆ ಕಂಪನಿ ಹೇಳಿದ ಆಯಿಲ್ ಮಾತ್ರ ಹಾಕಿ. ಪಿಕಪ್‌ನಿಂದ ಇಳಿಸಿದ್ದನ್ನು ಸೋಸಿ ಹಾಕುವ ಉಳಿತಾಯ ಬೇಡ. ಬೆಳಗಿನ ಹಾಲು ಕರೆಯುವ ಮೊದಲು ಪಂಪಿನ ಬಟ್ಟಲು, ಗಾಡಿ ಹೊರಡುವ ಮೊದಲು ಇಂಜಿನ್ ಕಡ್ಡಿ, ಎರಡೂ ನೋಡಲು ಐದು ನಿಮಿಷ ಸಾಕು.